ವಕೀಲರೇ ಕೇಸ್ ಕೈಬಿಟ್ಟಾಗ ನಾನು ಮಾಡಿದ್ದು

ಅಪ್ಪನ ಜಮೀನಿನಲ್ಲಿ ಪಾಲು ಕೇಳಿ ತಾಲ್ಲೂಕು ಕೋರ್ಟಿನಲ್ಲಿ ದಾವೆ ಹಾಕಿದ್ದೆ. ಅಣ್ಣಂದಿರು ಜಮೀನು ಮಾರದಂತೆ ತಡೆಯಾಜ್ಞೆಯೂ ಸಿಕ್ಕಿತ್ತು. ಆಮೇಲೆ ಯಾವಾಗ ಫೋನ್ ಮಾಡಿದರೂ ವಕೀಲರದ್ದು ಒಂದೇ ಉತ್ತರ: "ಡೇಟ್ ಮುಂದಕ್ಕೆ ಹೋಗಿದೆ ಅಮ್ಮ, ನೀವು ಬರೋದು ಬೇಡ." ಯಾವ ತಾರೀಖು ಅಂದರೆ ಗುಮಾಸ್ತನನ್ನು ಕೇಳಿ ಅನ್ನುತ್ತಿದ್ದರು. ಗುಮಾಸ್ತ ಸಾಹೇಬರನ್ನೇ ಕೇಳಿ ಅನ್ನುತ್ತಿದ್ದ.

ಅನುಮಾನ ಬಂತು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಹಾಕಿ ನೋಡಿದೆ. ದಾವೆ ವಜಾ ಆಗಿಹೋಗಿತ್ತು. ವಾದಿಯೂ ಇಲ್ಲ, ವಕೀಲರೂ ಇಲ್ಲ ಅಂತ ಕಾರಣ. ವಜಾ ಆದ ಮೇಲೂ ನನಗೆ "ಡೇಟ್ ಮುಂದಕ್ಕೆ ಹೋಗಿದೆ" ಅಂತಲೇ ಹೇಳಿದ್ದರು.

ಕೇಸ್ ಸೋತರೆ ವಕೀಲರನ್ನು ದೂರುವುದು ಸರಿಯಲ್ಲ. ಚೆನ್ನಾಗಿ ವಾದ ಮಾಡಿದವರೂ ಸೋಲುತ್ತಾರೆ. ಹಾಜರಾಗದೆ ಇದ್ದು, ಅದನ್ನು ಮುಚ್ಚಿಟ್ಟು, ಸುಳ್ಳು ಹೇಳುವುದು ಬೇರೆ ಮಾತು ಅಲ್ವಾ?

ಸಿಟ್ಟು ಬಹಳ ಬಂತು. ಆದರೂ ಮೊದಲು ಜಗಳಕ್ಕೆ ಹೋಗಲಿಲ್ಲ, ಕೇಸ್ ಉಳಿಸಿಕೊಳ್ಳಲು ಓಡಿದೆ. ಗೈರುಹಾಜರಿಗೆ ವಜಾ ಆದ ದಾವೆಯನ್ನು ಮತ್ತೆ ತೆರೆಸಲು 30 ದಿನದೊಳಗೆ ಅರ್ಜಿ ಹಾಕಬೇಕು. ನನ್ನದು ಆ ಗಡುವು ದಾಟಿತ್ತು. ದಾವೆಯ ಜೊತೆ ತಡೆಯಾಜ್ಞೆಯೂ ಬಿದ್ದುಹೋಗಿದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಜಮೀನಿನ ಮಾರಾಟ, ಸಾಲದ ನೋಂದಣಿ ವಿವರ ಇರುವ ಪತ್ರ) ತೆಗೆಸಿದೆ, ಪಹಣಿಯನ್ನೂ ನೋಡಿದೆ. ಸದ್ಯ, ಜಮೀನು ಮಾರಿರಲಿಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಆರ್ಡರ್ ಶೀಟಿನ ದೃಢೀಕೃತ ನಕಲು ಪಡೆದೆ. ಯಾವ ದಿನ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ.

ಹೊಸ ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು ಎಷ್ಟೋ ಅಕ್ಕತಂಗಿಯರಿಗೆ ಗೊತ್ತಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಹಾಯವಾಣಿ 15100.

ಅಲ್ಲಿ ಸಿಕ್ಕ ವಕೀಲೆ ಮೇಡಂ ನೇರವಾಗಿ ಹೇಳಿದರು: "ವಕೀಲರು ಕೈಕೊಟ್ಟರು ಅಂದರೆ ಸಾಲದು. ನೀವು ವಿಚಾರಿಸ್ತಾ ಇದ್ರಿ ಅಂತ ಜಡ್ಜ್‌ಗೆ ಕಾಣಬೇಕು." ವಕೀಲ ಬರದಿದ್ದಕ್ಕೆ ತಪ್ಪಿಲ್ಲದ ಕಕ್ಷಿದಾರ ನಷ್ಟ ಅನುಭವಿಸಬಾರದು ಅಂತ ಸುಪ್ರೀಂ ಕೋರ್ಟ್ 1981ರ ರಫೀಕ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದನ್ನೇ ಹಿಡಿದುಕೊಂಡು ಸುಮ್ನೆ ಕೂತವರಿಗೆಲ್ಲ ರಕ್ಷಣೆ ಸಿಗುವುದಿಲ್ಲ. ನನ್ನ ಕೈಯಲ್ಲಿ ವಾಟ್ಸ್ಆ್ಯಪ್ ಮೆಸೇಜುಗಳಿದ್ದವು, ಫೀಸು ಕಟ್ಟಿದ ಯುಪಿಐ ದಾಖಲೆ ಇತ್ತು. ಅವುಗಳ ಪ್ರಿಂಟ್ ಜೊತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನೂ ಇಟ್ಟೆವು. ದಾವೆ ತೆರೆಯುವ ಅರ್ಜಿ, ತಡವಾದದ್ದನ್ನು ಮನ್ನಿಸಿ ಅಂತ ಇನ್ನೊಂದು ಅರ್ಜಿ, ಎರಡಕ್ಕೂ ನನ್ನ ಅಫಿಡವಿಟ್.

ಹಳೇ ವಕೀಲರು ಫೈಲ್ ಕೊಡಲು ಒಪ್ಪಲಿಲ್ಲ. ಬಾಕಿ ಫೀಸು ಕೊಟ್ಟರೆ ಮಾತ್ರ ಫೈಲು, ಎನ್‌ಒಸಿ (ಬೇರೆ ವಕೀಲರನ್ನು ಇಡಲು ತಮ್ಮ ಆಕ್ಷೇಪವಿಲ್ಲ ಅನ್ನುವ ಪತ್ರ) ಎಂದರು. ಫೀಸು ಬಾಕಿ ಇದ್ದರೂ ಕಕ್ಷಿದಾರರ ಫೈಲ್ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ಅದನ್ನು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ಮೇಲೆ ಫೈಲ್ ಬಂತು. ಎನ್‌ಒಸಿ ಬರಲಿಲ್ಲ. ಕೋರ್ಟಿನ ಅನುಮತಿ ಪಡೆದು ಮೇಡಂ ನನ್ನ ಪರ ವಕಾಲತ್ತು ಹಾಕಿದರು.

ಎದುರು ಪಕ್ಷದವರಿಗೆ ಖರ್ಚು ಕೊಡಬೇಕು ಅನ್ನುವ ಷರತ್ತಿನ ಮೇಲೆ ದಾವೆ ಮತ್ತೆ ತೆರೆಯಿತು.

ಅದಾದ ಮೇಲೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟೆ. 1961ರ ವಕೀಲರ ಕಾಯ್ದೆಯ 35ನೇ ಕಲಂ ಇರುವುದೇ ಇದಕ್ಕೆ. ಶಿಸ್ತು ಸಮಿತಿಯು ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ದೂರಿನಲ್ಲಿ ಬೈಗುಳ ಬರೆಯಲಿಲ್ಲ. ತಾರೀಖು, ಅಂದು ಕೋರ್ಟಿನಲ್ಲಿ ಆದದ್ದು, ಅಂದು ನನಗೆ ಹೇಳಿದ್ದು, ಇಷ್ಟನ್ನೇ ಪಕ್ಕಪಕ್ಕ ಬರೆದೆ. ಅದಕ್ಕಿಂತ ಜಾಸ್ತಿ ಬೇಕಾಗಲಿಲ್ಲ.

ನಷ್ಟದ ಹಣಕ್ಕೆ ಗ್ರಾಹಕರ ಆಯೋಗಕ್ಕೆ ಹೋಗಬಹುದಾ ಅಂತ ಕೇಳಿದೆ. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಆ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ. ಪರಿಹಾರ ಬೇಕಾದರೆ ಸಿವಿಲ್ ದಾವೆಯೇ ಹಾಕಬೇಕು. ಕಕ್ಷಿದಾರರ ಮಟ್ಟಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸದ್ಯಕ್ಕೆ ಆ ದಾವೆ ಹಾಕಿಲ್ಲ. ಪಾಲಿನ ಕೇಸಿನಲ್ಲಿ ಸಾಕ್ಷಿ ವಿಚಾರಣೆ ನಡೆಯುತ್ತಿದೆ, ನನ್ನ ಗಮನವೆಲ್ಲ ಅಲ್ಲೇ ಇದೆ.