ಫೈಬರ್ ಬಂದ ಮೇಲೆ ಹಳೇ ಇಪಿಎಬಿಎಕ್ಸ್ ಲೈನ್ ಬಿಡಿಸಿದ್ದು: ನನ್ನ ಅನುಭವ

"ಫೈಬರಿಗೆ ಹಳೇ ಡಬ್ಬಿ ಕೂಡಂಗಿಲ್ರೀ, ಐಪಿ ಸಿಸ್ಟಮ್ ಹಾಕ್ಸ್ರಿ." ಹುಬ್ಬಳ್ಳಿಯ ಆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ನನಗಿಂತ ಮೊದಲು ಹೋಗಿದ್ದ ಮೂವರೂ ಹೇಳಿದ್ದು ಇದನ್ನೇ. ಬೆಂಗಳೂರಿನಿಂದ ಬಂದವರೊಬ್ಬರು ಐಪಿಯದಕ್ಕೆ, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ನಡೆಯುವ ಫೋನ್ ಸಿಸ್ಟಮ್ಮಿಗೆ, ಕೊಟೇಶನ್ನನ್ನೂ ಕೊಟ್ಟುಹೋಗಿದ್ದರು, ಫೋನುಗಳೂ ಸೇರಿ ಸುಮಾರು 1 ಲಕ್ಷ 80 ಸಾವಿರ. ಅದೇ ಹಳೇ ಡಬ್ಬಿ, ಅಂದರೆ ಹೊರಗಿನ ಕೆಲವು ಲೈನನ್ನು ಆಫೀಸಿನ ಎಲ್ಲ ಫೋನುಗಳಿಗೂ ಹಂಚುವ ಇಪಿಎಬಿಎಕ್ಸ್, ಈಗ ಏಳು ತಿಂಗಳಿಂದ ಒಂದು ದಿನವೂ ಕರೆ ಮುಗಿದ ಮೇಲೆ ಲೈನ್ ಬಿಡದೆ ಹಿಡಿದುಕೊಂಡಿಲ್ಲ. ನಮ್ಮ ಕಸುಬಿನವರು ದಿನಕ್ಕೊಬ್ಬರಂತೆ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಿಸ್ಟಮ್ 4 ಟ್ರಂಕ್ (ಹೊರಗಿನ ಲೈನು), 24 ಎಕ್ಸ್‌ಟೆನ್ಷನ್ (ಒಳಗಿನ ಫೋನು). ಹದಿನಾಲ್ಕೋ ಹದಿನೈದೋ ವರ್ಷ ಹಳೆಯದು, ಬ್ರ್ಯಾಂಡ್ ಹೆಸರು ಬೇಡ. ಮೂರು ತಾಮ್ರದ ಲೈನು, ನಾಲ್ಕನೆಯದಕ್ಕೆ ಸಿಮ್ ಹಾಕುವ ಜಿಎಸ್‌ಎಂ ಟರ್ಮಿನಲ್. ತಾಮ್ರ ಹೋಗಿ ಫೈಬರ್ ಬಂತು. ಮೂರು ನಂಬರಿಗೆ ಮೂರು ಓಎನ್‌ಟಿ ಡಬ್ಬಿ (ಫೈಬರನ್ನು ಮಾಮೂಲಿ ಫೋನ್ ಲೈನಾಗಿಸುವುದು, ಮುಂದೆ ಬರೀ ಡಬ್ಬಿ ಎಂದರೆ ಇದೇ), ಅವುಗಳ ಫೋನ್ ಪೋರ್ಟಿನಿಂದ ನೇರ ನಮ್ಮ ಕ್ರೋನಿಗೆ, ಅಂದರೆ ವೈರು ಕೂಡಿಸುವ ಪಟ್ಟಿಗೆ. ಡಯಲ್ ಟೋನ್ ಬಂತು, ರಿಂಗ್ ಬಂತು, ಎಲ್ಲರೂ ಚಹಾ ಕುಡಿದು ಹೋದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೂರೂ ಟ್ರಂಕಿನ ದೀಪ ಕೆಂಪಗೆ ನಿಂತಿದ್ದವು. ಅಂದರೆ ಮೂರೂ ಲೈನ್ ಬಿಝಿ, ಆದರೆ ಆಫೀಸಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುತ್ತಿರಲಿಲ್ಲ.

ಕಾರಣ ನಿಮಗೆಲ್ಲ ಗೊತ್ತಿದ್ದದ್ದೇ. ಕರೆಯನ್ನು ಆಟೋ ಅಟೆಂಡೆಂಟ್ (ತಾನೇ ಫೋನೆತ್ತಿ ರೆಕಾರ್ಡ್ ಮಾಡಿದ ಸ್ವಾಗತ ಕೇಳಿಸುವ ಸೌಲಭ್ಯ) ಎತ್ತುತ್ತದೆ, ಡ್ರೈವರ್ ಅರ್ಧ ಸ್ವಾಗತ ಕೇಳಿ ಕಟ್ ಮಾಡುತ್ತಾನೆ, ಅವನು ಹೋದದ್ದು ಸಿಸ್ಟಮ್ಮಿಗೆ ತಿಳಿಯುವುದೇ ಇಲ್ಲ. ಆಫೀಸ್ ಹುಡುಗ ದಿನಕ್ಕೆ ನಾಲ್ಕೈದು ಸಲ ಎಂಸಿಬಿ ಆಫ್ ಮಾಡಿ ಆನ್ ಮಾಡುತ್ತಿದ್ದ. ಸಾವಕಾರರಿಗೆ ದುಃಖ ಬೇರೆಯದೇ ಇತ್ತು: "ಫೋನ್ ಎಂಗೇಜ್ ಬಂತಂದ್ರ ಮಂದಿ ಬಾಜೂ ಆಫೀಸಿಗೆ ಲೋಡ್ ಕೊಡ್ತಾರ್ರೀ." ನಾನು ಒಂದೇ ಮಾತು ಹೇಳಿದೆ. ಕೆಲಸ ಆದರೆ 9 ಸಾವಿರ, ಆಗದಿದ್ದರೆ ಒಂದು ರೂಪಾಯಿಯೂ ಬೇಡ.

ಆ ಮಾತಿನ ಬೆಲೆ ನನಗೆ ಮೊದಲ ಹದಿನೈದು ದಿನದಲ್ಲೇ ಗೊತ್ತಾಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಟೈಮರ್ ಇಳಿಸಿದೆ. ಆಟೋ ಅಟೆಂಡೆಂಟ್ ಎತ್ತಿದ ಕರೆ 3 ನಿಮಿಷಕ್ಕೆ ತಾನಾಗಿ ಬೀಳಲಿ ಎಂದು. ದೀಪಗಳು ಆರಿದವು, ನನಗೂ ಖುಷಿಯಾಯಿತು. ಸಂಜೆ ಸಾವಕಾರರು ಮುಂಬೈ ಪಾರ್ಟಿಯ ಜೊತೆ ಬಾಡಿಗೆ ರೇಟು ಮಾತಾಡುವಾಗ ಸರಿಯಾಗಿ 3 ನಿಮಿಷಕ್ಕೆ ಫೋನ್ ಕಟ್ಟಾಯಿತು. ಎರಡನೇ ಸಲವೂ ಕಟ್ಟಾಯಿತು. ಟೈಮರ್ ತೆಗೆದೆ.

ಆಮೇಲೆ ಪೊಲಾರಿಟಿ ರಿವರ್ಸಲ್ (ಕರೆ ಎತ್ತಿದಾಗ, ಇಟ್ಟಾಗ ಲೈನಿನ ಪ್ಲಸ್ ಮೈನಸ್ ಅದಲುಬದಲಾಗುವುದನ್ನು ನೋಡುವುದು) ಆನ್ ಮಾಡಿದೆ. ತಾಮ್ರದಲ್ಲಿ ಅರ್ಜಿ ಹಾಕಿದರೆ ಸಿಗುತ್ತಿತ್ತಲ್ಲ, ಈ ಡಬ್ಬಿಯೂ ಕೊಟ್ಟೀತು ಎಂದುಕೊಂಡೆ. ಮೀಟರ್ ಹಿಡಿದು ನೋಡಿದರೆ ಎತ್ತುವಾಗಲೂ ಇಲ್ಲ, ಇಡುವಾಗಲೂ ಇಲ್ಲ. ಮೇಲಿಂದ ಇನ್ನೊಂದು ತೊಂದರೆ: ಸಿಸ್ಟಮ್ ರಿವರ್ಸಲ್‌ಗೆ ಕಾಯುತ್ತಾ ಕೂತಿದ್ದರಿಂದ ಕಾಲ್ ರಿಪೋರ್ಟಿನಲ್ಲಿ ಹೊರಹೋದ ಎಲ್ಲ ಕರೆಯೂ ಸೊನ್ನೆ ಸೆಕೆಂಡ್. ಅಕೌಂಟ್ಸಿನವರು ಅದನ್ನು ಕಂಡುಹಿಡಿದದ್ದು ವಾರದ ನಂತರ.

ಸಿಪಿಸಿ ಡಿಟೆಕ್ಷನ್ನನ್ನು (ಅತ್ತಲಿನವರು ಇಟ್ಟಾಗ ಲೈನಿನ ಕರೆಂಟ್ ಒಂದು ಕ್ಷಣ ಹೋಗುವುದನ್ನು ಹಿಡಿಯುವ ಸೆಟ್ಟಿಂಗನ್ನು) ತೀರಾ ಕಡಿಮೆ ಸಮಯಕ್ಕೆ ಇಳಿಸಿದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣಕ್ಕೆ ನಡೆಯುತ್ತಿದ್ದ ಮಾತೆಲ್ಲ ಕಟ್. ತಾಮ್ರದಲ್ಲಿ ಕರೆಂಟ್ ಹೋದರೂ ಲೈನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಇರುತ್ತಿತ್ತು, ಈಗ ಡಬ್ಬಿ ಸತ್ತರೆ ಲೈನೂ ಸತ್ತಂತೆ. ಮೂರು ಡಬ್ಬಿಗೂ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿಸಿದೆ, ಒಂದೊಂದಕ್ಕೆ 1,300ರ ಆಸುಪಾಸು. ಅದನ್ನು ಸಾವಕಾರರೇ ಕೊಟ್ಟರು. ಫೈಬರಿಗೆ ಇಪಿಎಬಿಎಕ್ಸ್ ಕೂಡಿಸುವವರು ಇದನ್ನು ಮೊದಲ ದಿನವೇ ಹಾಕಿಸಿ.

ಟ್ರಂಕ್ ಕಾರ್ಡೇ ಕೆಟ್ಟಿರಬಹುದು ಎಂದು ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ತರಿಸಿದೆ, 3,500. ಇದು ನನ್ನ ಜೇಬಿನಿಂದ. ಕಾರ್ಡ್ ಬದಲಿಸಲು ಸಿಸ್ಟಮ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಪ್ರೋಗ್ರಾಮೆಲ್ಲ ಖಾಲಿ. ಬೋರ್ಡಿನ ಬ್ಯಾಟರಿ ಎಂದೋ ಸತ್ತಿತ್ತು. ಹುಡುಗ ಆಫ್ ಮಾಡಿ ಎರಡು ಸೆಕೆಂಡಿಗೆ ಆನ್ ಮಾಡುತ್ತಿದ್ದರಿಂದ ಅಲ್ಲಿಯವರೆಗೆ ಉಳಿದುಕೊಂಡಿತ್ತು. ನಾನು ಬ್ಯಾಕಪ್ ತೆಗೆದಿರಲಿಲ್ಲ. 24 ಎಕ್ಸ್‌ಟೆನ್ಷನ್, ನೈಟ್ ಮೋಡ್, ಬಾರಿಂಗ್ (ಯಾವ ಫೋನಿನಿಂದ ಯಾವ ನಂಬರ್ ಹೋಗಬಾರದೆಂಬ ತಡೆ), ಎಲ್ಲವನ್ನೂ ಆಪರೇಟರ್ ಫೋನಿನಿಂದ ಕೈಯಾರೆ ಒತ್ತಿ ತುಂಬಿದ್ದು ರಾತ್ರಿ ಹನ್ನೊಂದರವರೆಗೆ. ಹೊಸ ಕಾರ್ಡಿನಲ್ಲೂ ದೀಪ ಹಾಗೇ ಉರಿಯುತ್ತಿತ್ತು. ಆ ರಾತ್ರಿ ಧಾರವಾಡದ ಗೆಳೆಯನೊಬ್ಬ, ನಮ್ಮದೇ ಕಸುಬಿನವನು, ಫೋನಿನಲ್ಲಿ ಅಂದ: "ಬಿಟ್ಟು ಬಾರೋ ಮಾರಾಯಾ, ಆಗಂಗಿಲ್ಲ ಅದು."

ಬಾರಿಂಗ್ ತುಂಬುವಾಗ ಹಳೆಯದೊಂದು ಕೆಲಸ ನೆನಪಾಯಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು 0 ಒತ್ತಲೇಬೇಕು ಎಂದಾಯಿತಲ್ಲ, ಆಗ 0 ಬಾರ್ ಮಾಡಿದ್ದ ಎಲ್ಲ ಎಕ್ಸ್‌ಟೆನ್ಷನ್ನುಗಳಿಂದ ಮೊಬೈಲ್ ಬಂದ್. ತುಂಬಾ ಜನ 0 ಬಾರನ್ನೇ ತೆಗೆದು ಕೈತೊಳೆದುಕೊಂಡರು, ಕೆಲವು ಕಡೆ ಅದರ ಜೊತೆ 00 ಕೂಡ ತೆರೆದುಹೋಗಿ ಐಎಸ್‌ಡಿಗೂ ದಾರಿಯಾಯಿತು. ನಾನು ಬಾರ್ ಮುಟ್ಟಲಿಲ್ಲ. 6, 7, 8, 9ರಿಂದ ಶುರುವಾಗುವ ಹತ್ತಂಕಿಗೆ ಸಿಸ್ಟಮ್ಮೇ ಮುಂದೆ 0 ಸೇರಿಸುವಂತೆ ಎಆರ್‌ಎಸ್ ಟೇಬಲ್ (ಯಾವ ನಂಬರನ್ನು ಹೇಗೆ ಕಳಿಸಬೇಕೆಂಬ ಪಟ್ಟಿ) ಬರೆದೆ. ಹುಬ್ಬಳ್ಳಿಯ ಲೋಕಲ್ ನಂಬರ್ ಏಳಂಕಿ, ಈ ಆಫೀಸು ಮಾಡುವವೆಲ್ಲ 2ರಿಂದ ಶುರು, ಹಾಗಾಗಿ ಜಗಳ ಬರಲಿಲ್ಲ. ಈ ಸಲ ಅದೇ ಟೇಬಲಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಫೈಬರ್ ಡಬ್ಬಿ ನಂಬರ್ ಒತ್ತಿದ ಮೇಲೆ ಇನ್ನೂ ಅಂಕಿ ಬರಬಹುದೆಂದು ನಾಲ್ಕೈದು ಸೆಕೆಂಡ್ ಸುಮ್ಮನೆ ಕಾಯುತ್ತದೆ. ನಂಬರಿನ ಕೊನೆಗೆ # ಸೇರಿಸಿ ಕಳಿಸಿದೆ, ಕರೆ ತಕ್ಷಣ ಹೋಗತೊಡಗಿತು. ಮಾಡಬೇಕಿದ್ದ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ಬುಕಿಂಗ್ ಕ್ಲರ್ಕುಗಳು ಇಂದಿಗೂ ಹೊಗಳುವುದು ಇದನ್ನೇ.

ಇನ್ನು ಅಸಲು ಕೆಲಸ.

ನನಗೆ ಈ ವಿದ್ಯೆ ಕಲಿಸಿದವರು ದೂರವಾಣಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಸಿ-ಡಾಟ್ (ದೇಶೀ ಎಕ್ಸ್‌ಚೇಂಜ್ ರೂಪಿಸಿದ ಸರ್ಕಾರಿ ಸಂಸ್ಥೆ) ಅವರ ಮೊದಲ ಹಳ್ಳಿ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾದದ್ದಲ್ಲವೇ, ಆ ಕಾಲದಿಂದ ಲೈನಿನ ಕೆಲಸ ನೋಡಿದವರು. ಮೀಟರ್ ತೆಗೆಯುವ ಮೊದಲು ಟೆಸ್ಟ್ ಫೋನ್ ಕಿವಿಗಿಟ್ಟುಕೊಳ್ಳುತ್ತಿದ್ದರು. ಮರುದಿನ ಸೋತ ಮುಖ ಹೊತ್ತು ಅವರಿಗೇ ಫೋನ್ ಮಾಡಿದೆ. ಇನ್ನೊಂದು ಕೈಯಲ್ಲಿ ಟೆಸ್ಟ್ ಫೋನಿನಿಂದ ಡಬ್ಬಿಯ ಲೈನ್ ಹಿಡಿದು, ಬೇರೊಂದು ಮೊಬೈಲಿನಿಂದ ಆ ಲೈನಿಗೆ ಬಂದ ಕರೆಯನ್ನು ಕಟ್ ಮಾಡಿಸಿ, ಆಮೇಲೆ ಬರುವ ಟೋನನ್ನು ಅವರಿಗೆ ಕೇಳಿಸಿದೆ. ಅವರು ಕೇಳಿದ್ದು ಹತ್ತು ಸೆಕೆಂಡ್ ಇರಬಹುದು.

"ಇದು ನಮ್ಮ ಬಿಝಿ ಟೋನ್ ಅಲ್ಲೋ ತಮ್ಮಾ. ನಮ್ದು ನಡೀತೈತಿ, ಇದು ಓಡಾಕತ್ತೈತಿ."

ಅಲ್ಲಿಗೆ ಗಂಟು ಸಡಿಲಾಯಿತು. ಬೇರೆ ಗುರುತು ಸಿಗದಿದ್ದಾಗ ಅತ್ತಲಿನವರು ಕಟ್ ಮಾಡಿದ್ದು ಸಿಸ್ಟಮ್ಮಿಗೆ ತಿಳಿಯುವುದು ಬಿಝಿ ಟೋನಿನಿಂದಲೇ. ನಮ್ಮ ದೇಶದ ಬಿಝಿ ಟೋನ್ 400 ಹರ್ಟ್ಜ್, ಮುಕ್ಕಾಲು ಸೆಕೆಂಡ್ ಬರುತ್ತದೆ, ಮುಕ್ಕಾಲು ಸೆಕೆಂಡ್ ಬಿಡುತ್ತದೆ. ಸಿಸ್ಟಮ್ಮಿಗೆ ಹದಿನೈದು ವರ್ಷದ ಹಿಂದೆ ಯಾರೋ ತುಂಬಿದ್ದು ಅದನ್ನೇ. ಹಳೇ ಮೋಡೆಮ್ಮಿನಿಂದ ಕಿತ್ತ 600 ಓಮ್ ಟ್ರಾನ್ಸ್‌ಫಾರ್ಮರ್, ಒಂದು ಕೆಪಾಸಿಟರ್ ಹಾಕಿ ಲೈನನ್ನು ಲ್ಯಾಪ್‌ಟಾಪಿನ ಮೈಕಿಗೆ ಕೊಟ್ಟು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆ. ಕಟ್ ಮಾಡಿದ ಮೇಲೆ ಸುಮಾರು ನಾಲ್ಕೂವರೆ ಸೆಕೆಂಡ್ ಪೂರ್ತಿ ಮೌನ. ಆಮೇಲೆ 450 ಹರ್ಟ್ಜ್, 0.35 ಆನ್, 0.35 ಆಫ್. ಇದು ಚೀನಾದ ಬಿಝಿ ಟೋನ್! ಡಬ್ಬಿಯಲ್ಲಿ ದೇಶದ ಸೆಟ್ಟಿಂಗನ್ನು ಯಾರೂ ಬದಲಿಸಿರಲಿಲ್ಲ. ಸಿಸ್ಟಮ್ ಪಾಪ 400ಕ್ಕೆ ಕಾಯುತ್ತಾ ಕೂತಿತ್ತು, ಡಬ್ಬಿ ತನ್ನ ಭಾಷೆಯಲ್ಲಿ ಕೂಗುತ್ತಿತ್ತು.

ಡಬ್ಬಿಯನ್ನೇ ಸರಿ ಮಾಡಿಸಿದರೆ ಆಯಿತಲ್ಲ ಎನ್ನುತ್ತೀರಿ. ಮಾಡಿಸಿದೆ. ಫೈಬರ್ ಕೊಟ್ಟವರ ಕಡೆಯ ಹುಡುಗ ಬಂದು ದೇಶ ಬದಲಿಸಿದ. ಎರಡು ದಿನ ಚೆನ್ನಾಗಿತ್ತು, ಡಬ್ಬಿ ರೀಸ್ಟಾರ್ಟ್ ಆದದ್ದೇ ಮೇಲಿನಿಂದ ಹಳೇ ಕಾನ್ಫಿಗರೇಷನ್ ಇಳಿದು ಮತ್ತೆ 450. ಎರಡನೇ ಸಲ ಕರೆಯಲು ಮನಸ್ಸಾಗಲಿಲ್ಲ. ನಮ್ಮ ಕೈಯಲ್ಲಿರುವುದು ನಮ್ಮ ಸಿಸ್ಟಮ್, ಅದಕ್ಕೇ ಹೊಸ ಭಾಷೆ ಕಲಿಸುವುದೆಂದು ಕೂತೆ.

ಮೆನುವಿನಲ್ಲಿ ಟೋನ್ ತಾನೇ ಕಲಿಯುವ ಆಪ್ಷನ್ ಇತ್ತು. ಹತ್ತು ಸಲ ಮಾಡಿದೆ, ಹತ್ತೂ ಸಲ ಫೇಲ್. ಅದು ಕೇಳಲು ಶುರುಮಾಡುವ ಹೊತ್ತಿಗೆ ಆ ನಾಲ್ಕೂವರೆ ಸೆಕೆಂಡಿನ ಮೌನವಿರುತ್ತಿತ್ತು. ಕೈಯಾರೆ ತುಂಬಲು ಹೊರಟಾಗ ಅವಸರ ಮಾಡಿದೆ. ಫ್ರೀಕ್ವೆನ್ಸಿ ನೋಡದೆ ಬರೀ ತಾಳ ನೋಡುವಂತೆ ಬಿಟ್ಟು, ಆನ್ ಆಫ್ ಎರಡಕ್ಕೂ 250ರಿಂದ 550 ಮಿಲಿಸೆಕೆಂಡ್ ಅಂತ ಅಗಲವಾಗಿ ಕೊಟ್ಟೆ, ಮೂರು ಸಲ ಬಂದರೆ ಲೈನ್ ಬಿಡು ಎಂದೆ. ದೀಪ ಆರಿತು. ಇಡೀ ಆಫೀಸಿಗೆ ಪೇಢೆ ಬಂತು.

ಮರುದಿನ ಬೆಳಿಗ್ಗೆ ಹೊಸ ದೂರು. ಡ್ರೈವರುಗಳು ಯಾರ್ಡಿನಿಂದ ಫೋನ್ ಮಾಡಿದರೆ ಮಾತಿನ ನಡುವೆ ಕಟ್. ಮನೆಯಿಂದ ಮಾಡಿದರೆ ಏನೂ ಇಲ್ಲ, ಯಾರ್ಡಿನಿಂದ ಮಾತ್ರ. ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ನಾನೇ ಯಾರ್ಡಿಗೆ ಹೋಗಿ ನಿಂತು ಫೋನ್ ಮಾಡಿದೆ. ಹಿಂದೆ ಲಾರಿಯೊಂದು ರಿವರ್ಸ್ ತೆಗೆದುಕೊಳ್ಳುತ್ತಿತ್ತು, ಬೀಪ್, ಬೀಪ್, ಬೀಪ್, ಕಟ್. ರಿವರ್ಸ್ ಹಾರ್ನಿನ ತಾಳ ನಾನು ಕೊಟ್ಟ ಅಗಲದೊಳಗೆ ಸರಿಯಾಗಿ ಕೂತಿತ್ತು. ಅಲ್ಲೇ ನಿಂತು ನಕ್ಕುಬಿಟ್ಟೆ, ಅಷ್ಟು ಹಗುರಾಗಿತ್ತು ಮನಸ್ಸು. ಅದೇ ಮಧ್ಯಾಹ್ನ ಫ್ರೀಕ್ವೆನ್ಸಿ 430ರಿಂದ 470, ಆನ್ 300ರಿಂದ 400, ಆಫ್ ಅಷ್ಟೇ, ಎಣಿಕೆ 5. ಎರಡು ಟ್ರಂಕು ಅಂದಿನಿಂದ ಇಂದಿನವರೆಗೆ ಸರಿಯಾಗಿವೆ. ಕಟ್ ಮಾಡಿದ ಎಂಟೊಂಬತ್ತು ಸೆಕೆಂಡಿಗೆ ದೀಪ ಆರುತ್ತದೆ.

ಮೂರನೆಯದು ನನ್ನನ್ನು ನಿಜವಾಗಿ ಕಾಡಿದ್ದು. ಆ ಡಬ್ಬಿ ಬೇರೆ ಕಂಪನಿಯದು. ರೆಕಾರ್ಡ್ ಮಾಡಿದರೆ ಟೋನ್ ನಮ್ಮದೇ, 400, ಮುಕ್ಕಾಲು ಮುಕ್ಕಾಲು, ಕೂದಲಷ್ಟೂ ವ್ಯತ್ಯಾಸವಿಲ್ಲ. ಆದರೂ ಸಿಸ್ಟಮ್ ಹಿಡಿಯುತ್ತಿರಲಿಲ್ಲ. ಸಂಜೆ ಆಫೀಸ್ ಮುಚ್ಚಿದ ಮೇಲೆ ಹೋಗಿ ಐದು ರಾತ್ರಿ ಕೂತೆ. ವಿಂಡೋ ಅಗಲಿಸಿದೆ, ಎಣಿಕೆ ಎರಡಕ್ಕೆ ಇಳಿಸಿದೆ, ವೈರ್ ಬದಲಿಸಿದೆ. ಐದನೇ ರಾತ್ರಿ ಎರಡು ರೆಕಾರ್ಡಿಂಗನ್ನೂ ಒಂದರ ಕೆಳಗೊಂದು ಇಟ್ಟು ನೋಡಿದಾಗ ಕಣ್ಣಿಗೆ ಬಿತ್ತು: ಇದರ ಅಲೆ ಅದರ ಅರ್ಧದಷ್ಟೂ ಎತ್ತರವಿಲ್ಲ. ಟೋನ್ ಸರಿ, ದನಿ ಸಣ್ಣದು. ಆ ಟ್ರಂಕಿನ ಒಳಬರುವ ಗೇನ್ (ದನಿಯ ಮಟ್ಟ) ಏರಿಸಿದರೆ ಟೋನ್ ಸಿಕ್ಕಿತು, ಆದರೆ ಮಾತಿನಲ್ಲಿ ಪ್ರತಿಧ್ವನಿ ಶುರುವಾಯಿತು. ಟೋನೂ ಸಿಗಬೇಕು, ಪ್ರತಿಧ್ವನಿಯೂ ಬರಬಾರದು ಎಂದರೆ ಇನ್ನೊಂದು ಸೆಟ್ಟಿಂಗನ್ನು ಅದರ ಜೊತೆಗೇ ಮುಟ್ಟಬೇಕು. ಯಾವುದು, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಐದು ರಾತ್ರಿ ನಿದ್ದೆ ಕೊಟ್ಟು ಕೊಂಡದ್ದು ಅದು, ನನ್ನ ಅನ್ನ. ಆ ನಾಲ್ಕೂವರೆ ಸೆಕೆಂಡಿನ ಮೌನವನ್ನು ಅರ್ಧಕ್ಕೆ ಇಳಿಸಿದ್ದೂ ಅಷ್ಟೇ, ಒಂದು ಟ್ರಂಕಿನಲ್ಲಿ ಮಾಡಿ ನೋಡಿದ್ದೇನೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ಕಾಲರ್ ಐಡಿಯನ್ನೂ ಇದೇ ನೆಪದಲ್ಲಿ ಸರಿ ಮಾಡಿದೆ. ತಾಮ್ರದಲ್ಲಿ ನಮ್ಮ ಕಡೆ ನಂಬರ್ ಬರುತ್ತಿದ್ದದ್ದು ಮೊದಲ ರಿಂಗಿಗೂ ಮುಂಚೆ, ಪೊಲಾರಿಟಿ ತಿರುಗಿದ ಮೇಲೆ ಡಿಟಿಎಂಎಫ್‌ನಲ್ಲಿ (ಗುಂಡಿ ಒತ್ತಿದಾಗ ಬರುವಂಥ ಟೋನುಗಳಲ್ಲಿ). ಈ ಡಬ್ಬಿಗಳಲ್ಲಿ ಎರಡು ಎಫ್‌ಎಸ್‌ಕೆ (ಮೋಡೆಮ್ಮಿನಂಥ ಸಂಕೇತ) ಕೊಡುತ್ತವೆ, ಅದೂ ಮೊದಲ ರಿಂಗ್ ಆದ ಮೇಲೆ. ಸಿಸ್ಟಮ್ಮಿನಲ್ಲಿ ಬದಲಿಸಿದ ಮೇಲೆ ಆಪರೇಟರ್ ಫೋನಿನಲ್ಲಿ ನಂಬರ್ ಬರುತ್ತಿದೆ. ಆದರೆ ಎರಡು ರಿಂಗ್ ಆಗುವವರೆಗೆ ಆಟೋ ಅಟೆಂಡೆಂಟ್ ಕರೆ ಎತ್ತದಂತೆ ತಡ ಕೊಡಬೇಕು, ಇಲ್ಲದಿದ್ದರೆ ನಂಬರ್ ಅರ್ಧಕ್ಕೇ ನಿಲ್ಲುತ್ತದೆ. ಮೂರನೇ ಡಬ್ಬಿ ಮಾತ್ರ ಇನ್ನೂ ನಂಬರ್ ತೋರಿಸುತ್ತಿಲ್ಲ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟೆರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿ, ಅಂಥದ್ದೇ ಡಬ್ಬಿ ಜೋಡಿಸಿ ನೋಡುತ್ತಿದ್ದೇನೆ. ಅದಕ್ಕೆ ಈಗಾಗಲೇ 6 ಸಾವಿರ ಹೋಗಿದೆ, ಹೆಂಡತಿಗೆ 4 ಎಂದು ಹೇಳಿದ್ದೇನೆ.

ಲೆಕ್ಕಕ್ಕೆ ಬಂದರೆ, 9 ಸಾವಿರದಲ್ಲಿ ಕಾರ್ಡಿನ 3,500, ಬೋರ್ಡಿನ ಬ್ಯಾಟರಿ 250, ಪೆಟ್ರೋಲು ಎಲ್ಲ ಕಳೆದು ಕೈಗೆ 4,500ರಷ್ಟು ಉಳಿಯಿತು. ಇಪ್ಪತ್ತಾರು ದಿನಕ್ಕೆ ಅದು ಕೂಲಿಯೂ ಅಲ್ಲ. ಸಾವಕಾರರು ವರ್ಷಕ್ಕೆ 6 ಸಾವಿರದ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಬರೆದುಕೊಟ್ಟರು, ಆಮೇಲೆ ಅವರ ಮಾತಿನಿಂದಲೇ ಇನ್ನೂ ನಾಲ್ಕು ಆಫೀಸು ಬಂದವು. ಅವುಗಳಲ್ಲಿ ಮೂರನ್ನು ಒಂದೊಂದೇ ದಿನದಲ್ಲಿ ಮುಗಿಸಿದ್ದೇನೆ, ಪ್ರತಿಯೊಂದಕ್ಕೂ 5 ಸಾವಿರ. ಈಗ ಹೋದ ಕೂಡಲೇ ಬ್ಯಾಕಪ್, ಆಮೇಲೆ ರೆಕಾರ್ಡಿಂಗ್, ಅದಾದ ಮೇಲೆಯೇ ಪ್ರೋಗ್ರಾಮಿಂಗ್. ಬಿಟ್ಟು ಬಾ ಎಂದಿದ್ದ ಧಾರವಾಡದ ಗೆಳೆಯ ಹೋದ ತಿಂಗಳು ತಾನೇ ಒಂದು ರೆಕಾರ್ಡಿಂಗ್ ಕಳಿಸಿ "ನೋಡಿ ಹೇಳೋ" ಅಂದ, ಹೇಳಿದೆ.

ನಾಲ್ಕನೆಯ ಆಫೀಸು ಗದಗಿನ ಜಿನ್ನಿಂಗ್ ಮಿಲ್ಲೊಂದರದು. ನಿನ್ನೆ ಅಲ್ಲಿಯ ಹುಡುಗ ಮೊಬೈಲಿನಲ್ಲಿ ಟೋನ್ ಹಿಡಿದು ಕಳಿಸಿದ್ದಾನೆ, 425 ಹರ್ಟ್ಜ್, ಅರ್ಧ ಅರ್ಧ ಸೆಕೆಂಡ್ ತೋರಿಸುತ್ತಿದೆ. ಶನಿವಾರ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು ಹೊರಟಿದ್ದೇನೆ.