ಹಳೇ ಹೆವಿವೇಟ್, ಹೊಸ ಹೆವಿವೇಟ್: ಒಂದೇ ಕಾಟಾದಲ್ಲಿ ತೂಗೋದು ಹೇಗೆ?

ಕಪನೂರು ಕಡೆ ಒಂದು ಕಾಟಾದಲ್ಲಿ ನನ್ನ ಕೆಲಸ. ಬೋರ್ಡ್ ಮೇಲೆ ವೇ ಬ್ರಿಡ್ಜ್ ಅಂತ ಬರೆದಿದೆ. ಆದರೆ ಕಲಬುರಗಿಗೆ ಬರೋ ಡ್ರೈವರುಗಳ ಬಾಯಲ್ಲಿ ಅದು ಕಾಟಾನೇ. ತೊಗರಿ ಸುಗ್ಗಿಯಲ್ಲಿ ದಾಲ್ ಮಿಲ್ಲುಗಳಿಗೆ ಹೋಗೋ ಲಾರಿಗಳು ರಾತ್ರಿಯಿಡೀ ಸಾಲು ಹಚ್ಚುತ್ತವೆ. ಬೇಸಿಗೆ ಬಂತೆಂದರೆ ರಾತ್ರಿ ಪಾಳಿಯಲ್ಲಿ ಸುಮ್ನೆ ಕೂತಿರೋದೇ ಜಾಸ್ತಿ. ಹಾಗೆ ಕೂತೂ ಕೂತೂ ಮೊಬೈಲಿನಲ್ಲಿ ಬಾಕ್ಸಿಂಗ್ ನೋಡೋ ಚಟ ಹತ್ತಿತು.

ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದ ವರ್ಗದಲ್ಲಿ, ಹಳೇ ಬಾಕ್ಸರುಗಳು ಮೇಲೋ ಈಗಿನವರು ಮೇಲೋ ಅಂತ ಮನೆಯಲ್ಲಿ ಇಬ್ಬರು ಜಗಳ ಆಡ್ತಾರೆ. ಒಬ್ಬರು ನಮ್ಮ ಕಾಕಾ. ಹರೆಯದಲ್ಲಿ ಜಾತ್ರೆ ಕುಸ್ತಿ ಹಿಡಿದವರು, ಕಿವಿ ಇನ್ನೂ ಮುದುಡಿಕೊಂಡೇ ಇದೆ. ಇನ್ನೊಬ್ಬ ಅಕ್ಕನ ಮಗ, ದಿನಾ ಜಿಮ್ಮಿಗೆ ಹೋಗ್ತಾನೆ.

"ಮಾಮಾ, ಆ ಮಾರ್ಸಿಯಾನೋ ಬರೇ ಎಂಬತ್ತೈದು ಕೆಜಿ ಇದ್ದನಂತ. ಫ್ಯೂರಿ ಒಂದ್ ಕೈ ಇಟ್ರ ಹಾರಿ ಹೋಗ್ತಾನ."

"ಅಲಿ ಅಂಥವ ಮತ್ತ ಹುಟ್ಟಂಗಿಲ್ಲೋ ತಮ್ಮಾ. ಈಗಿನವ್ರು ವರ್ಷಕ್ಕೊಮ್ಮೆ ಆಡ್ತಾರ, ಉಳಿದ ಟೈಮ್ ಬರೇ ಮಾತಾಡ್ತಾರ."

ಬಾಕ್ಸಿಂಗಿನಲ್ಲಿ ಅಲಿಗಿಂತ ಜಾಸ್ತಿ ಮಾತಾಡಿದವರು ಯಾರೂ ಇಲ್ಲ ಅಂತ ಕಾಕಾಗೆ ಹೇಳೋ ಧೈರ್ಯ ನನಗಿಲ್ಲ. ಆದರೆ ಇಬ್ಬರ ತಪ್ಪೂ ಒಂದೇ. ಇಬ್ಬರೂ ಖಾಲಿ ಗಾಡಿ ತೂಕ ಕಳೆಯದೆ ಚೀಟಿ ಹರಿದು ಕೊಡ್ತಿದ್ದಾರೆ. ಲಾರಿ ಎರಡು ಸಲ ಕಾಟಾ ಹತ್ತಬೇಕು, ಲೋಡ್ ಇದ್ದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ. ಕೆಲಸಕ್ಕೆ ಸೇರಿದ ವರ್ಷ ನಾನು ಒಂದು ಗಾಡಿಯ ಖಾಲಿ ತೂಕ ಹಿಡಿಯದೆ ಬಿಟ್ಟು, ಮಾಲೀಕರ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೆ. ಬಾಕ್ಸರನ್ನು ತೂಗುವಾಗಲೂ ಅವನ ಕಾಲ ಅವನಿಗೆ ಕೊಟ್ಟಿದ್ದನ್ನು ಮೊದಲು ಕಳೆಯಬೇಕು. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ.

ಮೊದಲು ಮೈತೂಕ ಬರೆಯಿರಿ, ಆದರೆ ಯಾವ ಪಂದ್ಯದ್ದು ಅಂತ ವರ್ಷದ ಸಮೇತ. ರಾಕಿ ಮಾರ್ಸಿಯಾನೋ 1952ರಿಂದ 1956ರವರೆಗೆ ಚಾಂಪಿಯನ್, ತೂಕ 85 ಕೆಜಿ ಆಸುಪಾಸು, ಎತ್ತರ 178 ಸೆಂಟಿಮೀಟರ್. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಸುಮಾರು 98 ಕೆಜಿ, ಎದುರಾಳಿ ಜಾರ್ಜ್ ಫೋರ್‌ಮನ್ 100. 2024ರ ಡಿಸೆಂಬರಿನಲ್ಲಿ ಟೈಸನ್ ಫ್ಯೂರಿ 127 ಕೆಜಿ, ಎತ್ತರ 206 ಸೆಂಟಿಮೀಟರ್. ಇಷ್ಟು ನೋಡಿದರೆ ನಮ್ಮ ಹುಡುಗ ಹೇಳಿದ್ದೇ ಖರೇ ಅನ್ನಿಸುತ್ತದೆ. ಈಗ ಕ್ರೂಸರ್‌ವೇಟ್ ಅಂತ ಒಂದು ವರ್ಗ ಇದೆ, 1979ರಲ್ಲಿ ಶುರುವಾಗಿದ್ದು. ಅದರ ಮಿತಿ ಈಗ 90.7 ಕೆಜಿ. ಮಾರ್ಸಿಯಾನೋ ಇವತ್ತು ಇದ್ದಿದ್ದರೆ ಹೆವಿವೇಟ್ ಆಗುತ್ತಲೇ ಇರಲಿಲ್ಲ. ಹಾಗಾಗಿ ಅವನನ್ನು ಫ್ಯೂರಿ ಎದುರು ನಿಲ್ಲಿಸೋದು ಟಂಟಂ ಗಾಡಿಯನ್ನು ಹತ್ತು ಗಾಲಿ ಲಾರಿ ಪಕ್ಕ ನಿಲ್ಲಿಸಿದ ಹಾಗೆ. ಅವನ ಜೊತೆ ಇವತ್ತಿನ ಕ್ರೂಸರ್‌ವೇಟ್ ಹುಡುಗರನ್ನು ಹೋಲಿಸಿ. ಆಗ ಚರ್ಚೆಗೆ ರುಚಿ ಬರುತ್ತದೆ.

ಆದರೆ ತೂಕ ನೋಡಿಯೇ ತೀರ್ಪು ಕೊಡಬೇಡಿ. 1919ರಲ್ಲಿ ಜಾಕ್ ಡೆಂಪ್ಸಿ 85 ಕೆಜಿ, ಜೆಸ್ ವಿಲರ್ಡ್ 111 ಕೆಜಿ. ಮೊದಲ ರೌಂಡಿನಲ್ಲೇ ವಿಲರ್ಡ್ 7 ಸಲ ನೆಲ ಕಂಡ.

ಆ ಪಂದ್ಯದ ವಿಡಿಯೋ ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಕೋಳಿ ಜಗಳದ ಹಾಗೆ ಕಂಡಿತ್ತು. "ಹಳಬರಿಗೆ ಏನೂ ಬರ್ತಿರಲಿಲ್ಲ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಮುಂದೊಂದು ರಾತ್ರಿ ನೋಡ್ತೀನಿ, ರೆಫರಿ ಕೂಡ ಪುಟಪುಟ ಓಡಾಡ್ತಿದ್ದಾನೆ. ಯಾವ ರೆಫರಿ ಹಾಗೆ ನಡೀತಾನೆ? ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸಿಗೋ ಚಿತ್ರ ಕಡಿಮೆ. ಅದನ್ನೇ ಈಗಿನ ವೇಗದಲ್ಲಿ ಓಡಿಸಿದರೆ ಮನುಷ್ಯರೆಲ್ಲ ಕುಣಿಯುತ್ತಾರೆ. ಹಳೇ ವಿಡಿಯೋ ಹಾಕಿದ ಕೂಡಲೇ ರೆಫರಿ ನಡೆಯೋದನ್ನು ನೋಡಿ. ಅವನು ಪುಟಪುಟ ಓಡಿದರೆ ಸೆಟ್ಟಿಂಗಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಅವನ ನಡಿಗೆ ಸರಿ ಕಂಡಾಗ ಬಾಕ್ಸರನ್ನು ನೋಡಿ. ಡೆಂಪ್ಸಿ ಹಾಗೆ ನೋಡಿದರೆ ಬೇರೆಯೇ ಮನುಷ್ಯ.

ಅದೇ ವಿಡಿಯೋದಲ್ಲಿ ಇನ್ನೊಂದು ಕಾಣುತ್ತದೆ. ವಿಲರ್ಡ್ ಮೊಣಕಾಲು ಎತ್ತುತ್ತಿದ್ದ ಹಾಗೆ ಡೆಂಪ್ಸಿ ಪಕ್ಕದಲ್ಲೇ ನಿಂತು ಮತ್ತೆ ಹೊಡೆಯುತ್ತಾನೆ. ಆಗ ಅದು ನಡೆಯುತ್ತಿತ್ತು. ಈಗ ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಬೇಕು. 1927ರಲ್ಲಿ ಶಿಕಾಗೋದಲ್ಲಿ ಡೆಂಪ್ಸಿ ಹಾಗೆ ಹೋಗೋದಕ್ಕೆ ತಡ ಮಾಡಿದ, ರೆಫರಿ ಎಣಿಕೆ ತಡವಾಗಿ ಶುರು ಮಾಡಿದ, ಬಿದ್ದಿದ್ದ ಎದುರಾಳಿ ಜೀನ್ ಟನ್ನಿಗೆ ಹತ್ತಕ್ಕಿಂತ ಜಾಸ್ತಿ ಸೆಕೆಂಡ್ ಸಿಕ್ಕಿತು. ಎದ್ದು ಪಂದ್ಯವನ್ನೂ ಗೆದ್ದ.

ಇನ್ನು ರೌಂಡ್. ಇದಕ್ಕೆ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬಿಡಿ. ಮೊದಲು ಟೈಟಲ್ ಪಂದ್ಯ 15 ರೌಂಡ್ ಇರುತ್ತಿತ್ತು. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡಕ್-ಕು ಅನ್ನೋ ಹುಡುಗ 14ನೇ ರೌಂಡಿನಲ್ಲಿ ಬಿದ್ದು, ಕೆಲವು ದಿನಕ್ಕೆ ತೀರಿಕೊಂಡ. ಅದಾದ ಮೇಲೆ ಒಂದೊಂದೇ ಸಂಸ್ಥೆ 12 ರೌಂಡಿಗೆ ಇಳಿಸಿತು. ಮೂರು ರೌಂಡ್ ಅಂದರೆ 9 ನಿಮಿಷ, ಅಷ್ಟೇ ತಾನೆ ಅನ್ನಬೇಡಿ. 1952ರಲ್ಲಿ ಮಾರ್ಸಿಯಾನೋ ವಾಲ್ಕಾಟ್ ಎದುರು ಮೊದಲ ರೌಂಡಿನಲ್ಲೇ ಬಿದ್ದಿದ್ದ. 12 ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಅಂಕದಲ್ಲೂ ವಾಲ್ಕಾಟ್ ಮುಂದೆ. 13ನೇ ರೌಂಡಿನಲ್ಲಿ ಒಂದು ಬಲಗೈ ಬಿತ್ತು, ಚಾಂಪಿಯನ್ ಬದಲಾದ. ಜೋ ಲೂಯಿಸ್ ಕಥೆಯೂ ಅದೇ. 1941ರಲ್ಲಿ ತನಗಿಂತ ಸುಮಾರು 11 ಕೆಜಿ ಹಗುರ ಇದ್ದ ಬಿಲ್ಲಿ ಕಾನ್ ಎದುರು 12 ರೌಂಡ್ ಆದಾಗ ಲೂಯಿಸ್ ಹಿಂದೆ ಬಿದ್ದಿದ್ದ. ಅವನೂ 13ರಲ್ಲೇ ನಾಕೌಟ್ ಮಾಡಿದ. ಇವತ್ತಿನ ಲೆಕ್ಕದಲ್ಲಿ ಇಬ್ಬರೂ ಸೋತು ಮನೆಗೆ ಹೋಗಬೇಕು. ಮಾರ್ಸಿಯಾನೋನ 49ಕ್ಕೆ 49 ಅನ್ನೋ ದಾಖಲೆಯೇ ಇರುತ್ತಿರಲಿಲ್ಲ!

ಇದನ್ನು ಹೇಳಿದಾಗ ಅಳಿಯ ಕುಣಿದ. ಕಾಕಾ ತಡೆದರು. "ಹದಿನೈದು ಅದ ಅಂತ ಗೊತ್ತಿದ್ದವ ಹದಿನೈದಕ್ಕ ಉಸಿರು ಇಟ್ಕೊಂಡಿರ್ತಾನ. ಹನ್ನೆರಡ ಅದ ಅಂದಿದ್ರ ಮೊದಲ ಹೊಡೀತಿದ್ದ." ಅದೂ ಸರಿ. ಹಾಗಾಗಿ ಹಳಬರನ್ನು ನೋಡುವಾಗ ಕೊನೆಯ ಮೂರು ರೌಂಡಿಗೆ ಯಾರಲ್ಲಿ ಏನು ಉಳಿದಿತ್ತು ಅಂತ ಬರೆದುಕೊಳ್ಳಿ. ಈಗಿನವರಲ್ಲಿ 10, 11, 12 ನೋಡಿ. ಉಸಿರಿಗೆ ಉಸಿರು ಹೋಲಿಸಿದ ಹಾಗೆ ಆಗುತ್ತದೆ.

ಎಷ್ಟು ಸಲ ಆಡಿದ ಅನ್ನೋ ಕಾಲಮ್ಮಿನ ಪಕ್ಕದಲ್ಲಿ ಯಾರ ಜೊತೆ, ಅವನ ವಯಸ್ಸೆಷ್ಟು ಅಂತಲೂ ಇರಲಿ. ಲೂಯಿಸ್ 1940ರ ಡಿಸೆಂಬರಿನಿಂದ ಜೂನ್‌ವರೆಗೆ 7 ತಿಂಗಳಲ್ಲಿ 7 ಸಲ ಟೈಟಲ್ ಉಳಿಸಿಕೊಂಡ. ಈಗಿನ ಕಾಲದ ಹೆವಿವೇಟ್, ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 2021ರ ಸೆಪ್ಟೆಂಬರಿನಿಂದ 2025ರ ಜುಲೈವರೆಗೆ ಆಡಿದ್ದು 6 ಪಂದ್ಯ. ಕಾಕಾ ಇಲ್ಲಿ ಮೀಸೆ ತಿರುವಿದರು. ಆದರೆ ಆ ಆರೂ ಪಂದ್ಯ ಮೂರೇ ಜನರ ಜೊತೆ: ಜೋಶುವಾ, ಡುಬೋಯಿಸ್, ಫ್ಯೂರಿ, ತಲಾ ಎರಡೆರಡು ಸಲ. ಲೂಯಿಸ್‌ನ ಏಳು ಜನರಲ್ಲಿ ಹೆಸರು ನೆನಪಿಡಬೇಕಾದವರು ಒಬ್ಬಿಬ್ಬರು. ಮಾರ್ಸಿಯಾನೋ ಸೋಲಿಸಿದಾಗ ಅದೇ ಲೂಯಿಸ್‌ಗೆ 37, ವಾಲ್ಕಾಟ್‌ಗೆ 38.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸಕ್ಕೆ ಬರ್ತೀನಿ. ಬೀಗರ ಸಂಬಂಧ ಹುಡುಕೋದು. ನಮ್ಮಲ್ಲಿ ಮದುವೆ ಮನೆಯಲ್ಲಿ ಗುರುತಿಲ್ಲದವರು ಸಿಕ್ಕರೆ "ನಿಮ್ಮ ಊರು ಯಾವುದ್ರಿ" ಅಂತ ಶುರು ಮಾಡಿ ಐದು ನಿಮಿಷದಲ್ಲಿ ಅಣ್ಣ ತಮ್ಮ ಮಾಡ್ತಾರಲ್ಲ, ಹಾಗೆ. ಅಲಿ ಮತ್ತು ಉಸಿಕ್ ಎದುರುಬದುರು ನಿಲ್ಲೋದು ಸಾಧ್ಯವಿಲ್ಲ. ಆದರೆ ನಡುವೆ ದಾರಿ ಇದೆ. 1980ರಲ್ಲಿ ಅಲಿ ಲ್ಯಾರಿ ಹೋಮ್ಸ್ ಎದುರು ಆಡಿದ. ಹೋಮ್ಸ್ 1992ರಲ್ಲಿ ರೇ ಮರ್ಸರ್ ಎದುರು, ಮರ್ಸರ್ 2002ರಲ್ಲಿ ವ್ಲಾಡಿಮಿರ್ ಕ್ಲಿಟ್‌ಸ್ಕೋ ಎದುರು, ಕ್ಲಿಟ್‌ಸ್ಕೋ 2015ರಲ್ಲಿ ಫ್ಯೂರಿ ಎದುರು, ಫ್ಯೂರಿ 2024ರಲ್ಲಿ ಉಸಿಕ್ ಎದುರು. ಐದೇ ಪಂದ್ಯ, 44 ವರ್ಷ.

ಇವನು ಅವನನ್ನು ಸೋಲಿಸಿದ, ಹಾಗಾಗಿ ಇವನು ದೊಡ್ಡವನು ಅಂತ ಲೆಕ್ಕ ಹಾಕಿದರೆ ಕೆಟ್ಟಿರಿ. ಪ್ರತಿ ಕೊಂಡಿಯಲ್ಲೂ ಒಬ್ಬ ಮುದುಕ ಇರುತ್ತಾನೆ. ಹೋಮ್ಸ್ ಎದುರು ಅಲಿಗೆ 38, ಕೈಯೇ ಏಳಲಿಲ್ಲ, 10 ರೌಂಡ್ ಆದ ಮೇಲೆ ಅವನ ಕಡೆಯವರೇ ಪಂದ್ಯ ನಿಲ್ಲಿಸಿದರು. ಅದರಿಂದ ಏನೂ ಗೊತ್ತಾಗಲ್ಲ. ಮುದುಕ ಗೆದ್ದ ಕೊಂಡಿಯನ್ನು ಹುಡುಕಿ, ಸುದ್ದಿ ಇರೋದು ಅಲ್ಲಿ. 42 ವರ್ಷದ ಹೋಮ್ಸ್, ಒಲಿಂಪಿಕ್ ಚಿನ್ನ ಗೆದ್ದು ವೃತ್ತಿಯಲ್ಲಿ ಒಮ್ಮೆಯೂ ಸೋಲದ 30 ವರ್ಷದ ಮರ್ಸರನ್ನು ಸೋಲಿಸಿದ. ಅದಕ್ಕಿಂತ ದೊಡ್ಡದು ಫೋರ್‌ಮನ್‌ದು. 1974ರಲ್ಲಿ ಅಲಿ ಕೈಲಿ ಹೊಡೆಸಿಕೊಂಡವನು 1991ರಲ್ಲಿ ಆಗಿನ ಚಾಂಪಿಯನ್ ಹೋಲಿಫೀಲ್ಡ್ ಎದುರು 12 ರೌಂಡ್ ನಿಂತ. 1994ರಲ್ಲಿ, 45ನೇ ವಯಸ್ಸಿನಲ್ಲಿ, ಚಾಂಪಿಯನ್ ಮೈಕೆಲ್ ಮೂರರ್ ಎದುರು ಅಂಕದಲ್ಲಿ ಹಿಂದೆ ಬಿದ್ದಿದ್ದಾಗ 10ನೇ ರೌಂಡಿನಲ್ಲಿ ಎಡಗೈ, ಹಿಂದೆಯೇ ಬಲಗೈ. ಮೂರರ್ ಅಂಗಾತ. ಕಿನ್ಶಾಸಾದಲ್ಲಿ ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿ ಅವನು ಆ ದಿನ ಹಾಕಿದ್ದ. ಎಪ್ಪತ್ತರ ದಶಕದವರು ತೊಂಬತ್ತರಲ್ಲಿ ಬದುಕುತ್ತಿದ್ದರಾ ಅಂತ ಯಾರಾದರೂ ಕೇಳಿದರೆ ಈ ಪಂದ್ಯ ಹಾಕಿ ತೋರಿಸಿ.

ಕೊನೆಗೆ ಕಾಲು. ಇದು ಕಾಕಾ ಹೇಳಿಕೊಟ್ಟ ಉಪಾಯ. "ಕೈ ಸುಳ್ಳ ಹೇಳ್ತದ, ಕಾಲ್ ನೋಡು" ಅಂತಾರೆ. ಶಬ್ದ ಬಂದ್ ಮಾಡಿ. ಮೊಬೈಲನ್ನು ಅಡ್ಡ ಹಿಡಿದು ಹೆಬ್ಬೆರಳಿನಿಂದ ಮೇಲಿನ ಅರ್ಧ ಮುಚ್ಚಿ. 1966ರಲ್ಲಿ ಅಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಆಡಿದ್ದನ್ನು ಹೀಗೆ ನೋಡಿ. ಹಿಮ್ಮಡಿ ನೆಲಕ್ಕೆ ತಾಗೋದೇ ಕಡಿಮೆ, ದೊಡ್ಡ ಸುತ್ತು ಹೊಡೀತಾನೆ. ಆಮೇಲೆ 2024ರ ಮೇ ತಿಂಗಳಿನ ಉಸಿಕ್–ಫ್ಯೂರಿ ಪಂದ್ಯದ 9ನೇ ರೌಂಡ್ ಹಾಕಿ. ಉಸಿಕ್ ಎಡಗೈಯವನು, ಬಲಗಾಲು ಮುಂದೆ. ಹೆಜ್ಜೆ ಗೇಣುದ್ದ ಅಷ್ಟೇ, ಆದರೆ ಆ ಬಲಗಾಲು ಪದೇ ಪದೇ ಫ್ಯೂರಿಯ ಎಡಗಾಲಿನ ಹೊರಗೆ ಹೋಗಿ ಕೂರುತ್ತದೆ. ಅಲ್ಲಿ ಕೂತರೆ ಎಡಗೈಗೆ ದಾರಿ ನೆಟ್ಟಗೆ. ಸ್ವಲ್ಪ ಹೊತ್ತಿಗೆ ಫ್ಯೂರಿಯ ಕಾಲು ಒಂದಕ್ಕೊಂದು ತೊಡರಿ ಹಗ್ಗದ ಕಡೆ ಓಡುತ್ತವೆ. ಆಗ ಹೆಬ್ಬೆರಳು ತೆಗೆಯಿರಿ. ರೆಫರಿ ಎಣಿಸುತ್ತಿರುತ್ತಾನೆ.

ನನ್ನ ಅನಿಸಿಕೆ ಕೇಳಿದರೆ, ಅಲಿಯ ಕಾಲು ಇವತ್ತಿಗೂ ನಡೆಯುತ್ತದೆ, ಅವನ ತಲೆ ನಡೆಯೋದು ಕಷ್ಟ. ಅವನು ಕೈ ಕೆಳಗೆ ಬಿಟ್ಟು ತಲೆ ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳುತ್ತಿದ್ದ. ಗಿಡ್ಡ ಕೈಯ ಫ್ರೇಜಿಯರ್ ಕೂಡ 1971ರಲ್ಲಿ 15ನೇ ರೌಂಡಿನಲ್ಲಿ ಅವನನ್ನು ಹಿಡಿದು ಕೆಡವಿದ. ಫ್ಯೂರಿಯ ಎರಡೂ ಕೈ ಚಾಚಿದರೆ 216 ಸೆಂಟಿಮೀಟರ್. ಹಿಂದಕ್ಕೆ ವಾಲಿದಲ್ಲಿಗೂ ಆ ಕೈ ಬರುತ್ತದೆ.

ಕಂಪ್ಯೂಟರಿನಲ್ಲಿ ಹಾಕಿ ನೋಡೋಣ ಅಂತ ಅಳಿಯ ಅಂದ. ಅದೂ ಆಗಿ ಹೋಗಿದೆ. 1969ರಲ್ಲಿ ನಿವೃತ್ತ ಮಾರ್ಸಿಯಾನೋನಿಗೆ ವಿಗ್ ಹಾಕಿಸಿ, ಅಲಿ ಜೊತೆ ಸುಳ್ಳು ಪಂದ್ಯ ಚಿತ್ರ ತೆಗೆದು, ಫಲಿತಾಂಶ ಕಂಪ್ಯೂಟರಿನದು ಅಂದರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಮಾರ್ಸಿಯಾನೋ ಗೆದ್ದ. ಯುರೋಪಿಗೆ ಹೋದ ಪ್ರತಿಯಲ್ಲಿ ಅಲಿ ಗೆದ್ದ. ಅಷ್ಟರಲ್ಲಿ ಮಾರ್ಸಿಯಾನೋ ವಿಮಾನ ಬಿದ್ದು ತೀರಿಕೊಂಡಿದ್ದ.

ಹೋದ ವಾರ ಕಾಕಾ ಊಟದ ಬುತ್ತಿ ಕೊಡೋಕೆ ಕಾಟಾಕ್ಕೆ ಬಂದಿದ್ದರು. 2025ರ ಉಸಿಕ್–ಡುಬೋಯಿಸ್ ಪಂದ್ಯ ಹಚ್ಚಿದ್ದೆ. ರೊಟ್ಟಿ ಮುರಿಯುತ್ತಾ ಐದು ರೌಂಡೂ ನೋಡಿದರು. ಡುಬೋಯಿಸ್ ಬಿದ್ದ ಮೇಲೆ ಉಸಿಕ್‌ನನ್ನು ತೋರಿಸಿ ಕೇಳಿದರು, "ಇವನ ಎತ್ತರ ಎಷ್ಟ?"

"191 ಸೆಂಟಿಮೀಟರ್, ಕಾಕಾ. ಅಲಿಯಷ್ಟೇ. ಕೈ ಅಳತೆನೂ ಅಷ್ಟೇ."

ಹೊರಗೆ ಲಾರಿ ಹಾರ್ನ್ ಹೊಡೆಯಿತು. ನಾನು ಎದ್ದು ತೂಕ ಹಿಡಿದು ಬರೋಷ್ಟರಲ್ಲಿ ಅವರು ಹೆಬ್ಬೆರಳಿನಿಂದ ಮೊಬೈಲಿನ ಅರ್ಧ ಮುಚ್ಚಿಕೊಂಡು ಮೊದಲ ರೌಂಡಿನಿಂದ ಮತ್ತೆ ಹಚ್ಚಿಕೊಂಡಿದ್ದರು.