ಒಂದೇ ಆಲ್ಬಮ್ ಮೂರು ಸಲ

ಮೊದಲೆಲ್ಲ ಆಲ್ಬಮ್ ಕೇಳಿ ಮುಗಿಸಿ ನಾನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದದ್ದು 'ತುಂಬಾ ಚೆನ್ನಾಗಿದೆ', 'ಪರವಾಗಿಲ್ಲ', 'ಹಿತವಾಗಿದೆ' ಅಂತ. ಆರು ತಿಂಗಳು ಬಿಟ್ಟು ಓದಿದರೆ ಅದರಲ್ಲಿ ಏನಿತ್ತು ಅಂತ ಒಂದೂ ನೆನಪಾಗುತ್ತಿರಲಿಲ್ಲ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಒಂದು ಆಲ್ಬಮ್ ಮೂರು ಸಲ ಕೇಳುವುದು. ಮೊದಲ ಸಲ ಏನೂ ಬರೆಯದೆ, ನಡುವೆ ಎದ್ದು ಹೋಗದೆ. ಎರಡನೇ ಸಲ ಒಂದೇ ವಾದ್ಯದ ಬೆನ್ನು ಹತ್ತಿ, ನಿಮಿಷ, ಸೆಕೆಂಡ್ ಗುರುತು ಹಾಕಿಕೊಂಡು. ಅದರ ಬಗ್ಗೆ ಓದುವುದೇನಿದ್ದರೂ ಆಮೇಲೆ. ಓದಿಕೊಂಡು ಮೂರನೇ ಸಲ. ಬರೆಯುವಾಗ ಹೊಗಳಿಕೆ ಬೇಡ, ಕಿವಿಗೆ ಬಿದ್ದದ್ದು ಮಾತ್ರ.

ಇದರಿಂದ ನನಗೆ ಬಾಗಿಲು ತೆರೆದದ್ದು ಜಾಝ್‌ನಲ್ಲಿ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಮೊದಲ ಸಲ ಕೇಳಿದಾಗ ಹಿಡಿದುಕೊಳ್ಳೋಕೆ ಏನೂ ಸಿಗಲಿಲ್ಲ. ಎರಡನೇ ಸಲ ಟ್ರಂಪೆಟ್ ಬಿಟ್ಟು ಪಾಲ್ ಚೇಂಬರ್ಸ್ ಅವರ ಬೇಸ್ (ಕೆಳದನಿಯ ತಂತಿವಾದ್ಯ) ಹಿಡಿದೆ. 'ಸೋ ವಾಟ್' ಶುರುವಿನಲ್ಲಿ ಬೇಸ್ ಒಂದು ಮಾತು ಹೇಳುತ್ತದೆ, ಉಳಿದವರು ಎರಡೇ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಉತ್ತರ ಕೊಡುತ್ತಾರೆ. ಆಮೇಲೆ ಸೋಲೋಗಳು, ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ಸರದಿ. ಅಲ್ಲಿರುವ ಸ್ವರಗಳನ್ನು ಸುಮ್ನೆ ಗುನುಗಿ ನೋಡಿದೆ. ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದ ಸ್ವರಗಳೇ! ರಾಗ ಅಲ್ಲ, ಗಮಕ (ಸ್ವರವನ್ನು ಅಲುಗಿಸುವ ರೀತಿ) ಇಲ್ಲ, ಸ್ವರಸ್ಥಾನ ಮಾತ್ರ ಅವೇ. ಹದಿನಾರು ಬಾರ್ (ತಾಳದ ಆವರ್ತದಂಥ ಅಳತೆ) ಅಲ್ಲೇ ಇದ್ದು, ಆಮೇಲೆ ಎಂಟು ಬಾರ್ ಎಲ್ಲವೂ ಅರ್ಧ ಸ್ವರ ಮೇಲೇರುತ್ತದೆ. ಹಾಡುತ್ತಿರುವಾಗಲೇ ಯಾರೋ ತಂಬೂರಿಯ ಶ್ರುತಿ ಏರಿಸಿದ ಹಾಗೆ. ಮತ್ತೆ ಎಂಟು ಬಾರ್ ಮೊದಲಿನ ಜಾಗಕ್ಕೆ. ಆ ಏರಿಕೆ ಗೊತ್ತಾದ ಮೇಲೆ ನಾನು ಕಳೆದುಹೋಗಲಿಲ್ಲ.

ನನ್ನ ಹತ್ತಿರ ಇದ್ದದ್ದು ಹಳೆಯ ಎಲ್‌ಪಿ ತಟ್ಟೆಯಿಂದ ಮಾಡಿಕೊಂಡ ಪ್ರತಿ. ಅದರ ಜೊತೆ ಕೀಬೋರ್ಡ್ ನುಡಿಸಲು ಹೋದರೆ ಮೊದಲ ಬದಿಯ ಮೂರು ತುಣುಕುಗಳಿಗೆ ಶ್ರುತಿ ಕೂರುತ್ತಲೇ ಇರಲಿಲ್ಲ, ರೆಕಾರ್ಡ್ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿತ್ತು. ಎರಡನೇ ಬದಿಗೆ ಸರಿಯಾಗಿ ಕೂರುತ್ತಿತ್ತು. ಕಿವಿಯದ್ದೇ ತಪ್ಪು ಅಂದುಕೊಂಡಿದ್ದೆ. ಓದಿದಾಗ ಗೊತ್ತಾಯಿತು: ಮಾರ್ಚ್ 2ರಂದು ಮೊದಲ ಬದಿ ಧ್ವನಿಮುದ್ರಿಸಿಕೊಂಡ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತಂತೆ. ಸರಿಯಾದ ವೇಗದಲ್ಲಿ ಹಾಕಿದಾಗ ಸಂಗೀತ ಓಡಿದಂತಾಗಿ ಶ್ರುತಿ ಏರಿದೆ. ಎರಡನೇ ಬದಿ ಮುದ್ರಣವಾದದ್ದು ಏಪ್ರಿಲ್ 22ರಂದು, ಅದಕ್ಕೆ ಆ ತೊಂದರೆ ಇಲ್ಲ. ಮೊದಲ ಬದಿಯನ್ನು ಸರಿಪಡಿಸಿದ್ದು 1990ರ ದಶಕದ ಮರುಮುದ್ರಣಗಳಲ್ಲಿ. ಮೊದಲೇ ಓದಿಕೊಂಡಿದ್ದರೆ ಇದು ನನಗೆ ಬರೀ ಮಾಹಿತಿ ಆಗಿರುತ್ತಿತ್ತು. ಈಗ ನಾನೇ ಕೇಳಿಸಿಕೊಂಡ ವಿಷಯ ಅಲ್ವಾ!

ಪಾಶ್ಚಾತ್ಯ ಶಾಸ್ತ್ರೀಯಕ್ಕೆ ನಾನು ಹೋದದ್ದು ಹೋಲಿಕೆಯ ದಾರಿಯಲ್ಲಿ. ಬಾಕ್ ಅವರ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಅನ್ನು ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಎರಡು ಸಲ ಸ್ಟುಡಿಯೋದಲ್ಲಿ ನುಡಿಸಿದ್ದಾರೆ. 1955ರಲ್ಲಿ, 22ನೇ ವಯಸ್ಸಿಗೆ. ಮತ್ತೆ 1981ರಲ್ಲಿ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51. ಹೋಲಿಸುವ ಮೊದಲು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳಲೇಬೇಕು. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ತೀರ್ಮಾನ ಮಾಡಿಬಿಡುತ್ತದೆ.

ಶುರುವಿನ ಆರಿಯಾ, ಅಂದರೆ ಮೂಲ ತುಣುಕು, ಅದೊಂದನ್ನೇ ಹತ್ತಾರು ಸಲ ಕೇಳಿದೆ. 1955ರದ್ದು ಎರಡು ನಿಮಿಷದೊಳಗೆ ಮುಗಿಯುತ್ತದೆ. 1981ರದ್ದು ಮೂರು ನಿಮಿಷ ದಾಟುತ್ತದೆ. ಬಲಗೈ ರಾಗ ಬಿಟ್ಟು ಎಡಗೈ ಹಿಡಿಯಿರಿ. ಮುಂದಿನ ಮೂವತ್ತೂ ಮಾರ್ಪಾಡುಗಳು ನಿಂತಿರುವುದು ಅದರ ಮೇಲೆ, ಮೇಲಿನ ರಾಗದ ಮೇಲಲ್ಲ. ಹಳೆಯದರಲ್ಲಿ ಎಡಗೈ ನಡೆದುಕೊಂಡು ಹೋಗುತ್ತದೆ. ಹೊಸದರಲ್ಲಿ ಒಂದೊಂದು ಸ್ವರ ಇಟ್ಟು, ಅದು ಆರುವವರೆಗೂ ಕಾದ ಹಾಗಿದೆ. ಹಿಂದೆ ಗೂಲ್ಡ್ ಅವರೇ ಗುನುಗುವುದೂ ಕೇಳುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಆ ದನಿ ಇಲ್ಲದೆ ಈ ಆಲ್ಬಮ್ ಬೇಡ. ಈ ಎರಡನೇ ಮುದ್ರಣ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1982ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಹೆವಿ ಮೆಟಲ್ ಬಗ್ಗೆ ಜಾಸ್ತಿ ಹೇಳುವಷ್ಟು ಕೇಳಿಲ್ಲ. ಆದರೆ ಬ್ಲ್ಯಾಕ್ ಸಬ್ಬತ್ ತಂಡದ ಅದೇ ಹೆಸರಿನ 1970ರ ಆಲ್ಬಮ್‌ನ ಮೊದಲ ಹಾಡು ಬಿಡಲು ಆಗಲಿಲ್ಲ. ಮಳೆ, ಗಂಟೆ, ಆಮೇಲೆ ಗಿಟಾರ್‌ನ ಮೂರು ಸ್ವರ. ಷಡ್ಜ, ಮೇಲಿನ ಷಡ್ಜ, ನಡುವೆ ಬಂದು ನಿಲ್ಲುವ ಪ್ರತಿ ಮಧ್ಯಮ. ಕಲ್ಯಾಣಿ ರಾಗದಲ್ಲಿ ಅಷ್ಟು ಬೆಳಕು ಕೊಡುವ ಸ್ವರ ಇಲ್ಲಿ ಮೈ ನಡುಗಿಸುತ್ತದೆ. ಪಕ್ಕದಲ್ಲಿ ಪಂಚಮ ಬರುವುದಿಲ್ಲ, ಅದಕ್ಕೇ ಇರಬೇಕು.

ಹಿಂದೂಸ್ತಾನಿ ಸಂಗೀತದ 'ಕಾಲ್ ಆಫ್ ದ ವ್ಯಾಲಿ' (1967) ಮನೆಮನೆಯಲ್ಲಿ ಕೇಳಿದ್ದು ಅನ್ನೋ ಕಾರಣಕ್ಕೇ ನಾವು ಸರಿಯಾಗಿ ಕೇಳಿರುವುದಿಲ್ಲ. ಕೋಲಿನಿಂದ ಬಡಿಯುವ ತಂತಿವಾದ್ಯ ಸಂತೂರ್‌ನ ಸ್ವರ ಬಡಿದ ಕೂಡಲೇ ಕರಗುತ್ತದೆ, ಶಿವಕುಮಾರ್ ಶರ್ಮಾ ಅದನ್ನು ಹನಿಹನಿಯಾಗಿ ಜೋಡಿಸುತ್ತಾರೆ. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಅದೇ ಸ್ವರವನ್ನು ಎಳೆದು ನಿಲ್ಲಿಸುತ್ತದೆ. ಈ ಎರಡರ ನಡುವೆ ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಮೀಟಿದ ಸದ್ದೂ ಇದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಕೂಡ ಇದೆ. ಒಮ್ಮೆ ಗಿಟಾರ್ ಮಾತ್ರ ಹಿಡಿದು ಪೂರ್ತಿ ಕೇಳಿ ನೋಡಿ.

ಬ್ರಯಾನ್ ಈನೋ ಅವರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಮುಂದೆ ನನ್ನ ಅಭ್ಯಾಸ ನಡೆಯಲಿಲ್ಲ. ಬೆನ್ನು ಹತ್ತಲು ಅಲ್ಲಿ ಯಾರೂ ಮುಂದೆ ನಡೆಯುತ್ತಿರುವುದಿಲ್ಲ. ಎರಡನೇ ತುಣುಕಿನಲ್ಲಿ ಹಾಡುವ ದನಿಗಳ ಟೇಪ್ ಲೂಪ್‌ಗಳಿವೆ, ಸುತ್ತಿ ಸುತ್ತಿ ಮತ್ತೆ ಕೇಳಿಸುವ ತುಂಡುಗಳು. ಒಂದೊಂದರ ಉದ್ದವೂ ಬೇರೆ, ಹಾಗಾಗಿ ಅವು ಕೂಡುವ ರೀತಿ ಬದಲಾಗುತ್ತಲೇ ಇರುತ್ತದೆ. ಮೂರೂ ಸಲ ಪೆನ್ ಹಿಡಿದು ಕೂತೆ. ನೋಟ್‌ಬುಕ್‌ನಲ್ಲಿ ಅದಕ್ಕೆ ಇರುವುದು ಒಂದೇ ಸಾಲು: 'ಅದೇ ದನಿ ಮತ್ತೆ ಬಂತು, ಈ ಸಲ ಪಕ್ಕದಲ್ಲಿ ಬೇರೆಯವರಿದ್ದರು.'